ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಎರಡು ಟವರ್‌ಗಳಲ್ಲಿ, ಫ್ರಾಂಕ್‌ಫರ್ಟಿನ ಕಾಮರ್ಸ್‌ಬ್ಯಾಂಕ್ ಮತ್ತು ಲಂಡನ್ನಿನ ಗರ್ಕಿನ್, ಯಾವುದು ಉತ್ತಮ?

ಒಬ್ಬರೇ ವಾಸ್ತುಶಿಲ್ಪಿ, ಒಂದು ತ್ರಿಕೋನ, ಇನ್ನೊಂದು ಸೌತೆಕಾಯಿ (ಗರ್ಕಿನ್ ಅಂದರೆ ಸಣ್ಣ ಸೌತೆ, ಆಕಾರ ನೋಡಿ ಜನ ಇಟ್ಟ ಹೆಸರು), ಇವೆರಡಕ್ಕೂ ಏನು ಸಂಬಂಧ, ಯಾವುದು ಮೇಲು ಅಂತ ಕೇಳಿದ್ದೀರಿ. ನನಗೆ ಎರಡೂ ಒಂದೇ ಯೋಚನೆಯಿಂದ ಹುಟ್ಟಿದಂತೆ ಕಾಣುತ್ತವೆ. ಒಂದರಲ್ಲಿ ನಡುವೆ ಇರುವ ಖಾಲಿ ಜಾಗ ಇನ್ನೊಂದರಲ್ಲಿ ಅಂಚಿಗೆ ಬಂದಿದೆ, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜಯಪುರದಲ್ಲಿ ಮನೆ, ಅಂಗಡಿಗಳ ಪ್ಲಾನ್ ಹಾಕಿಕೊಡುವವನು. ಎರಡನ್ನೂ ಕಣ್ಣಾರೆ ನೋಡಿಲ್ಲ. ಆದರೆ ಅವುಗಳ ಪ್ಲಾನ್ ಮುಂದಿಟ್ಟುಕೊಂಡು ಎಷ್ಟೋ ರಾತ್ರಿ ಕೂತಿದ್ದೇನೆ.

ಫ್ರಾಂಕ್‌ಫರ್ಟಿನದು ಮುಗಿದಿದ್ದು 1997ರಲ್ಲಿ. 56 ಮಹಡಿ, ಆಂಟೆನಾ ಬಿಟ್ಟು 259 ಮೀಟರ್. ಎತ್ತರದ ಕಟ್ಟಡ ಅಂದರೆ ಲಿಫ್ಟು, ಮೆಟ್ಟಿಲು, ಸಂಡಾಸು ಎಲ್ಲಾ ನಟ್ಟನಡುವೆ ಇರುತ್ತವೆ, ಅಲ್ವಾ? ಫಾಸ್ಟರ್ ಅವನ್ನೆಲ್ಲಾ ತ್ರಿಕೋನದ ಮೂರು ಮೂಲೆಗೆ ತಳ್ಳಿ ನಡುವಿನ ಜಾಗ ಖಾಲಿ ಬಿಟ್ಟರು. ಬಾವಿಯ ಹಾಗೆ. ಯಾವ ಮಹಡಿ ತಗೊಂಡರೂ ಎರಡು ಬದಿಯಲ್ಲಿ ಆಫೀಸು, ಮೂರನೆಯ ಬದಿಯಲ್ಲಿ ನಾಲ್ಕು ಮಹಡಿ ಎತ್ತರದ ತೋಟ, ಮೇಲೆ ಹೋದಂತೆ ಆ ತೋಟ ಒಂದು ಬದಿಯಿಂದ ಮುಂದಿನ ಬದಿಗೆ ಸರಿಯುತ್ತಾ ಇಡೀ ಕಟ್ಟಡವನ್ನು ಸುತ್ತಿಕೊಂಡು ಹತ್ತುತ್ತದೆ. ಒಟ್ಟು 9 ತೋಟ. ಪೂರ್ವಕ್ಕೆ ಏಷ್ಯಾದ ಗಿಡಗಳು, ದಕ್ಷಿಣಕ್ಕೆ ಮೆಡಿಟರೇನಿಯನ್ ಕಡೆಯವು, ಪಶ್ಚಿಮಕ್ಕೆ ಉತ್ತರ ಅಮೆರಿಕದವು. ಹೊರಗೋಡೆಗೆ ಕೂತವರಿಗೆ ಊರು ಕಾಣುತ್ತದೆ, ಒಳಗೋಡೆಗೆ ಕೂತವರಿಗೆ ತೋಟ. ಅಷ್ಟು ಎತ್ತರದಲ್ಲೂ ಕಿಟಕಿ ತೆಗೆಯಬಹುದು!

ಆಫೀಸಿನ ನಡುವೆ ಕಂಬವೂ ಇಲ್ಲ. ಎಂಟೆಂಟು ಮಹಡಿ ಎತ್ತರದ ಉಕ್ಕಿನ ಚೌಕಟ್ಟುಗಳು ಭಾರವನ್ನು ಮೂಲೆಗಳಿಗೆ ಒಯ್ಯುತ್ತವೆ. (ನಮ್ಮೂರಿನ ಗೋಲಗುಂಬಜದೊಳಗೆ ನಿಂತವರಿಗೆ ಇದೇನು ದೊಡ್ಡ ವಿಷಯ ಅನಿಸಲಿಕ್ಕಿಲ್ಲ. 44 ಮೀಟರ್ ಅಡ್ಡಗಲದ ಗುಮ್ಮಟ, ಕೆಳಗೆ ಒಂದೂ ಕಂಬ ಇಲ್ಲ, ಕಮಾನುಗಳೇ ಭಾರವನ್ನು ಗೋಡೆಗೆ ದಾಟಿಸುತ್ತವೆ. ಅದೂ 1656ರ ಹೊತ್ತಿಗೆ.)

ಗರ್ಕಿನ್ ಬಂದಿದ್ದು ಆಮೇಲೆ, 2004ರಲ್ಲಿ ತೆರೆಯಿತು. 180 ಮೀಟರ್, 41 ಮಹಡಿ. 1992ರ ಬಾಂಬ್ ಸ್ಫೋಟದಲ್ಲಿ ಹಾಳಾದ ಬಾಲ್ಟಿಕ್ ಎಕ್ಸ್‌ಚೇಂಜ್, ಅಂದರೆ ಹಡಗು ವ್ಯವಹಾರದ ಮಾರುಕಟ್ಟೆಯ ಕಟ್ಟಡ, ಇದ್ದ ಜಾಗ ಅದು. ಇಲ್ಲಿ ಲಿಫ್ಟು, ಮೆಟ್ಟಿಲು ಮತ್ತೆ ನಡುವಿಗೆ ಬಂದವು. ಹಾಗಾದರೆ ಬಾವಿ ಎಲ್ಲಿ ಹೋಯಿತು? ಅಂಚಿಗೆ. ದುಂಡಗಿನ ಪ್ರತಿ ಮಹಡಿಯ ಅಂಚಿನಲ್ಲಿ ಆರು ಕಡೆ ತ್ರಿಕೋನದಂತೆ ಕತ್ತರಿಸಿ, ಪ್ರತಿ ಮಹಡಿಯನ್ನೂ ಕೆಳಗಿನದಕ್ಕಿಂತ 5 ಡಿಗ್ರಿ ತಿರುಗಿಸಿದ್ದಾರೆ. ಫೋಟೋದಲ್ಲಿ ಸುರುಳಿಯಾಗಿ ಹತ್ತುವ ಕಪ್ಪು ಗಾಜಿನ ಪಟ್ಟಿ ಕಾಣುತ್ತದಲ್ಲ, ಅದರ ಹಿಂದೆ ಇರುವುದು ಇದೇ. ನಮ್ಮ ಮಾಳಿಗೆ ಮನೆಯ ಬೆಳಕಿಂಡಿಯನ್ನು ಮೇಲಿನ ಬದಲು ಪಕ್ಕದಲ್ಲಿ ಕೊರೆದ ಹಾಗೆ.

ಆದರೆ ಬೆಂಕಿ, ಹೊಗೆಯ ಭಯಕ್ಕೆ ಆ ಸುರುಳಿಯನ್ನು ಆರು ಮಹಡಿಗೊಮ್ಮೆ ಮುಚ್ಚಬೇಕಾಯಿತು. ಫ್ರಾಂಕ್‌ಫರ್ಟಿನಲ್ಲೂ ತಡೆ ಇದೆ, ಅದು 12 ಮಹಡಿಗೊಮ್ಮೆ, ಗಾಜಿನದು, ಬೆಳಕು ಇಳಿಯುತ್ತದೆ. ನನ್ನ ಪ್ರಕಾರ ವ್ಯತ್ಯಾಸ ಇರುವುದು ಇಲ್ಲೇ. ಅಲ್ಲಿ ಖಾಲಿ ಜಾಗಕ್ಕಾಗಿ ಕಟ್ಟಡ ಇದೆ. ಇಲ್ಲಿ ಕಟ್ಟಡ ಬಿಟ್ಟುಕೊಟ್ಟಷ್ಟೇ ಖಾಲಿ ಜಾಗ.

ಗರ್ಕಿನ್ ಗೆಲ್ಲುವುದು ಬೀದಿಯಲ್ಲಿ. ಚೌಕ ಟವರಿಗೆ ಬಡಿದ ಗಾಳಿ ರೊಯ್ಯನೆ ಕೆಳಗಿಳಿದು ನಡೆಯುವವರ ಮೇಲೆ ಬೀಳುತ್ತದೆ, ದುಂಡಗಿನದರ ಸುತ್ತ ಜಾರಿಕೊಂಡು ಹೋಗುತ್ತದೆ. ಬುಡ ಸಣ್ಣದಾಗಿ ಹೊಟ್ಟೆ ದಪ್ಪ ಇರುವುದರಿಂದ ಕೆಳಗೆ ಜನಕ್ಕೆ ಜಾಗವೂ ಸಿಕ್ಕಿದೆ. ಇನ್ನೊಂದು ಮಜಾ: ಅಷ್ಟು ಬಾಗಿದ ಕಟ್ಟಡದಲ್ಲಿ ಬಾಗಿದ ಗಾಜು ಒಂದೇ ಒಂದು, ತುದಿಯ ಮುಚ್ಚಳ. ಉಳಿದಿದ್ದೆಲ್ಲಾ ಚಪ್ಪಟೆ ತುಂಡು.

ಹಾಗಾಗಿ, ದಿನಾ ಎಂಟು ಗಂಟೆ ಒಳಗೆ ಕೂರಬೇಕು ಅಂದರೆ ನಾನು ಫ್ರಾಂಕ್‌ಫರ್ಟಿಗೇ ವೋಟು ಹಾಕುತ್ತೇನೆ. ಎದುರಿನ ಚಹಾದಂಗಡಿಯಲ್ಲಿ ಕೂತು ನೋಡುವುದಾದರೆ ಗರ್ಕಿನ್.

ನಮ್ಮ ವಿಜಯಪುರದಲ್ಲಿ ಜನ ಗರ್ಕಿನ್ ಫೋಟೋ ಹಿಡಿದುಕೊಂಡೇ ಬರುತ್ತಾರೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಗೆ ಪೂರ್ತಿ ನೀಲಿ ಗಾಜು ಬೇಕು ಅಂತ ಒಬ್ಬರು ಹಟ ಹಿಡಿದರು. ಬೇಡ ಅಂದೆ, ಕೇಳಲಿಲ್ಲ, ನಾನೂ ಸುಮ್ನೆ ಬರೆದುಕೊಟ್ಟೆ, ತಪ್ಪು ನನ್ನದೂ ಇದೆ. ಏಪ್ರಿಲ್‌ನಲ್ಲಿ ಫೋನು: "ಸರ್ರ, ಮಧ್ಯಾಹ್ನ ಒಳಗ ಕುಂದ್ರಾಕ ಆಗವಲ್ದು." ಈಗ ಗಾಜಿನ ಒಳಗಡೆ ಥರ್ಮಾಕೋಲ್ ಹಚ್ಚಿ ಹಗಲಲ್ಲೂ ಲೈಟ್ ಹಾಕಿಕೊಂಡು ಕೂರುತ್ತಾರೆ.