ಬಹುಮಾನ ಕೊಟ್ಟರೂ ಕೆಲಸಗಾರರಲ್ಲಿ ಹುರುಪಿಲ್ಲ, ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಒಟ್ಟು 22 ಜನ. ನಾಲ್ಕು ತಿಂಗಳ ಹಿಂದೆ ‘ತಿಂಗಳ ಉತ್ತಮ ಕೆಲಸಗಾರ’ ಬಹುಮಾನ ಶುರು ಮಾಡಿದೆ. ಒಂದು ದಿನವೂ ತಡವಾಗಿ ಬರದವರ ಹೆಸರು ಬರೆದು ಚೀಟಿ ಎತ್ತುತ್ತೇವೆ. ಗೆದ್ದವರಿಗೆ 1,000 ರೂಪಾಯಿ, ಬೋರ್ಡಿನಲ್ಲಿ ಫೋಟೊ. ಮೊದಲು ಚೆನ್ನಾಗಿತ್ತು. ಈಗ ಗೆದ್ದವನನ್ನು ಉಳಿದವರು ರೇಗಿಸುತ್ತಾರೆ. 11 ವರ್ಷದಿಂದ ಜೊತೆಗಿರುವ ಟರ್ನರ್ (ಲೇತ್ ಮೆಷಿನ್ ನಡೆಸುವವರು) ಒಬ್ಬರು ಮಾತೇ ಕಡಿಮೆ ಮಾಡಿದ್ದಾರೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ನಿಮ್ಮ ಬಹುಮಾನ ಕೆಲಸವನ್ನು ನೋಡುತ್ತಿಲ್ಲ, ಗಡಿಯಾರವನ್ನು ನೋಡುತ್ತಿದೆ.

ಇದೇ ರೀತಿ ಅಮೆರಿಕದ ಒಂದು ಬಟ್ಟೆ ಒಗೆಯುವ ಕಾರ್ಖಾನೆಯಲ್ಲೂ ಮಾಡಿದ್ದರು. ತಿಂಗಳಿಡೀ ಸಮಯಕ್ಕೆ ಬಂದವರ ಹೆಸರಲ್ಲಿ ಚೀಟಿ ಎತ್ತಿ 75 ಡಾಲರಿನ ಗಿಫ್ಟ್ ಕಾರ್ಡ್ ಕೊಡುತ್ತಿದ್ದರು. ಸಂಶೋಧಕರು ಲೆಕ್ಕ ಹಾಕಿದಾಗ ಒಟ್ಟು ಉತ್ಪಾದಕತೆ 1.4% ಇಳಿದಿತ್ತು! ಒಂದು ದಿನ ತಡವಾಗಿ ಈ ತಿಂಗಳ ಬಹುಮಾನ ತಪ್ಪಿತು ಅಂತಾದರೆ, ಆಮೇಲೆ ಸಮಯಕ್ಕೆ ಬರುವ ಆಸೆಯೇ ಹೋಗುತ್ತಿತ್ತು. ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಯಾರೂ ಹೇಳದೆಯೇ ಮೊದಲಿಂದ ಸರಿಯಾಗಿ ಬಂದು ದುಡಿಯುತ್ತಿದ್ದವರ ಕೆಲಸವೇ ಕುಗ್ಗಿತು. ತಾವು ದಿನಾ ಮಾಡುತ್ತಿದ್ದುದಕ್ಕೆ ಈವರೆಗೆ ಇಲ್ಲದ ಬೆಲೆ ಈಗ ಬೇರೆಯವರಿಗೆ ಸಿಗುತ್ತಿದೆ ಅನ್ನಿಸಿದರೆ ಯಾರಿಗಾದರೂ ನೋವಾಗುತ್ತದೆ, ಅಲ್ವಾ?

ನಿಮ್ಮ ಟರ್ನರ್ ಮೌನಕ್ಕೂ ಇದೇ ಕಾರಣ ಇರಬಹುದು. 11 ವರ್ಷದಲ್ಲಿ ಅವರು ಎಷ್ಟು ಜಾಬ್ (ಮೆಷಿನ್‌ನಲ್ಲಿ ಮಾಡುವ ಬಿಡಿಭಾಗ) ರಿಜೆಕ್ಟ್ ಆಗದಂತೆ ಉಳಿಸಿದ್ದಾರೆ? ಎಷ್ಟು ಹುಡುಗರಿಗೆ ಮೆಷಿನ್ ಸೆಟ್ಟಿಂಗ್ ಕಲಿಸಿದ್ದಾರೆ? ಅದು ಯಾವ ಚೀಟಿಯಲ್ಲೂ ಬರುವುದಿಲ್ಲ. ಇನ್ನು ಗೆದ್ದ ಹುಡುಗನ ಪಾಡು ನೋಡಿ. ಸುಮ್ನೆ ಹೊನ್ನಶೂಲಕ್ಕೆ ಏರಿಸಿದಂತಾಗಿದೆ.

ಹಾಗಾದರೆ ಹೊಗಳುವುದು ಹೇಗೆ? ನೀವು ಕಣ್ಣಾರೆ ಕಂಡದ್ದನ್ನೇ ಹೇಳಿ. ‘ಚೆನ್ನಾಗಿ ಮಾಡ್ತಿದ್ದೀಯಪ್ಪ’ ಅಂದರೆ ಅದು ಯಾರಿಗೂ ಅಂಟುವುದಿಲ್ಲ. ‘ನಿನ್ನೆ ಆ ಬೋರ್ ಟೇಪರ್ ಆಗ್ತಿದೆ, ತೂತು ಒಂದು ಕಡೆ ಕಿರಿದಾಗ್ತಿದೆ ಅಂತ ಐದನೇ ಪೀಸಿಗೇ ಹಿಡಿದು ಮೆಷಿನ್ ನಿಲ್ಲಿಸಿದೆಯಲ್ಲ, ಇಡೀ ಲಾಟ್ ಉಳೀತು’ ಅಂದು ನೋಡಿ. ಅವನು ಅದನ್ನು ಮನೆಗೆ ಹೋಗಿ ಹೇಳುತ್ತಾನೆ. ಆ ಮಾತನ್ನು ಅದೇ ದಿನವೋ ಮರುದಿನವೋ ಹೇಳಬೇಕು. ಆಯುಧಪೂಜೆಯ ಭಾಷಣದವರೆಗೆ ಇಟ್ಟುಕೊಳ್ಳಬೇಡಿ. ಕೆಲವರಿಗೆ ಎಲ್ಲರೆದುರು ಹೊಗಳಿಸಿಕೊಳ್ಳುವುದೇ ಹಿಂಸೆ. ಅಂಥವರಿಗೆ ಮೆಷಿನ್ ಪಕ್ಕ ನಿಂತು ಹೇಳಿದರೆ ಸಾಕು.

ಎದುರಿಗೆ ಹೊಗಳಿದರೆ ತಲೆಗೇರುತ್ತದೆ ಅನ್ನುವ ಭಯ ನಮ್ಮಲ್ಲಿ ಜಾಸ್ತಿ. ಮಕ್ಕಳನ್ನೂ ಹಾಗೇ ಬೆಳೆಸುತ್ತೇವೆ. ಆದರೆ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕಾಗಿ ಜನರಿಗೆ ಫೋನ್ ಮಾಡಿ ದೇಣಿಗೆ ಕೇಳುವ ನೌಕರರಿಗೆ ಅವರ ನಿರ್ದೇಶಕಿ ಒಮ್ಮೆ ಖುದ್ದಾಗಿ ಬಂದು ಧನ್ಯವಾದ ಹೇಳಿದರು, ಅಷ್ಟೇ. ಮುಂದಿನ ವಾರ ಅವರು ಮಾಡಿದ ಕರೆಗಳು 50 ಪ್ರತಿಶತಕ್ಕಿಂತ ಹೆಚ್ಚು ಏರಿದವು. 2010ರಲ್ಲಿ ಪ್ರಕಟವಾದ ಅಧ್ಯಯನ ಇದು. ನನ್ನ ಅನುಭವದಲ್ಲೂ, ಮೆಚ್ಚುಗೆಯಿಂದ ಕೆಟ್ಟವರಿಗಿಂತ ಮೆಚ್ಚುಗೆ ಸಿಗದೆ ಕೆಲಸ ಬಿಟ್ಟವರೇ ಹೆಚ್ಚು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸಂಬಳ ತಡವಾಗುತ್ತಿದ್ದರೆ, ಓವರ್‌ಟೈಮಿಗೆ ದುಪ್ಪಟ್ಟು ಕೊಡುತ್ತಿಲ್ಲವಾದರೆ, ಮೊದಲು ಅದನ್ನು ಸರಿಮಾಡಿ. ಇಲ್ಲದಿದ್ದರೆ ನಿಮ್ಮ ಶಾಭಾಷ್ ಅವರ ಹೊಟ್ಟೆ ಉರಿಸುತ್ತದೆ.

ಬಹುಮಾನವನ್ನು ಸದ್ದಿಲ್ಲದೆ ನಿಲ್ಲಿಸಬೇಡಿ. ‘ಇದು ಸರಿಹೋಗಲಿಲ್ಲ, ನನ್ನ ಲೆಕ್ಕ ತಪ್ಪಿತ್ತು’ ಅಂತ ಎಲ್ಲರಿಗೂ ಹೇಳಿ. ಆ ಹಣದಲ್ಲಿ ತಿಂಗಳಿಗೊಮ್ಮೆ ಎಲ್ಲರಿಗೂ ಒಳ್ಳೆಯ ತಿಂಡಿ ತರಿಸಬಹುದು. ಟರ್ನರ್ ಹತ್ತಿರ ನೀವೇ ಹೋಗಿ. ಅವರು ಉಳಿಸಿಕೊಟ್ಟ ಒಂದು ಜಾಬನ್ನಾದರೂ ನೆನಪು ಮಾಡಿಕೊಂಡು ಹೋಗಿ. ಹೊಸ ಹುಡುಗರಿಗೆ ಕಲಿಸುವ ಹೊಣೆ ಅವರದ್ದು ಅಂತ ಎಲ್ಲರೆದುರು ಹೇಳಬಹುದಾ, ಅವರನ್ನೇ ಕೇಳಿ. ಒಪ್ಪಿದರೆ, ಕಲಿಸಲು ಹೋಗುವ ಗಂಟೆಗಳನ್ನು ಅವರ ದಿನದ ಟಾರ್ಗೆಟ್‌ನಿಂದ ಕಳೆಯಲು ಮರೆಯಬೇಡಿ.