ಫ್ಯಾನು 4ರಲ್ಲಿ ಮಾತ್ರ ತಿರುಗತ್ತೆ, ಮಿಕ್ಕಿದ್ದೆಲ್ಲ ಸತ್ತಿದೆ

ಪ್ರಶ್ನೆ: ನಮಸ್ಕಾರ ಸರ್, ನಮ್ದು ಹತ್ತು ವರ್ಷ ದಾಟಿರೋ ಪೆಟ್ರೋಲ್ ಕಾರು, ಮ್ಯಾನ್ಯುವಲ್ ಎಸಿ, ಫ್ಯಾನ್ ನಾಬಲ್ಲಿ 1ರಿಂದ 4 ಇದೆ. ಈಗ 1, 2, 3ಕ್ಕೆ ಇಟ್ರೆ ಸದ್ದೇ ಇಲ್ಲ, 4ಕ್ಕೆ ಇಟ್ರೆ ಬುರ್ರಂತ ಫುಲ್ ಗಾಳಿ. ಹೀಟರ್ ಹಾಕಿದ್ರೂ ಅಷ್ಟೆ, ಎಸಿ ಹಾಕಿದ್ರೂ ಅಷ್ಟೆ. ಇಲ್ಲಿ ಮಳೆ ಹಿಡ್ಕೊಂಡಿದೆ, ಮುಂದಿನ ಗ್ಲಾಸು ಮಂಜು ಕಟ್ಟತ್ತೆ, 4ರಲ್ಲೇ ಓಡಿಸಿದ್ರೆ ಪಕ್ಕದಲ್ಲಿ ಕೂತವ್ರು ಏನ್ ಹೇಳಿದ್ರೂ ಕೇಳಲ್ಲ. ಗ್ಯಾರೇಜಲ್ಲಿ ಮೋಟಾರೇ ಹೋಗಿದೆ, ಫುಲ್ ಅಸೆಂಬ್ಲಿ ಹಾಕ್ಬೇಕು ಅಂತಾರೆ. ನಿಜಾನಾ? ನಾನೇ ಮಾಡ್ಕೋಬಹುದಾ?
– ಕೆ. ಎಸ್., ಸೋಮವಾರಪೇಟೆ

ಉತ್ತರ: ಮೋಟಾರ್ ಹೋಗಿದ್ರೆ 4ರಲ್ಲಿ ತಿರುಗೋದು ಹೆಂಗೆ? ಹೋಗಿರೋದು ಬಹುಪಾಲು ಬ್ಲೋವರ್ (ಎಸಿ ಗಾಳಿ ಊದೋ ಫ್ಯಾನ್) ರೆಸಿಸ್ಟರ್. ಅಂಗೈಯಲ್ಲಿ ಹಿಡಿಸೋ ಸಾಮಾನು, ಕಂಪನಿ ಮೇಲೆ ರೇಟು ಬೇರೆ ಬೇರೆ ಇದ್ರೂ ಮೋಟಾರ್ ಅಸೆಂಬ್ಲಿ ರೇಟಿಗೆ ಹೋಲಿಸಿದ್ರೆ ಏನೂ ಅಲ್ಲ.

ಮನೇಲಿ ಮುಂಚೆ ಸೀಲಿಂಗ್ ಫ್ಯಾನಿಗೆ ದೊಡ್ಡ ಡಬ್ಬ ರೆಗ್ಯುಲೇಟರ್ ಇರ್ತಿತ್ತಲ್ಲ, ಸ್ಲೋ ಇಟ್ರೆ ಕೈಗೆ ಬಿಸಿ ಹತ್ತೋದು, ಇದೂ ಅದೇ ಕೆಲ್ಸ. ಮೋಟಾರಿಗೆ ಹೋಗೋ ಕರೆಂಟಿನ ದಾರೀಲಿ ತಂತಿ ಕಾಯಿಲ್ ಅಡ್ಡ ಹಾಕಿ ವೋಲ್ಟೇಜ್ ಇಳಿಸ್ತಾರೆ. 1ಕ್ಕೆ ಎಲ್ಲಾ ಕಾಯಿಲ್ ದಾಟಿ ಹೋಗ್ಬೇಕು, 2ಕ್ಕೆ ಅದಕ್ಕಿಂತ ಕಮ್ಮಿ, 3ಕ್ಕೆ ಇನ್ನೂ ಕಮ್ಮಿ, 4ಕ್ಕೆ ಯಾವ ಕಾಯಿಲೂ ಇಲ್ಲ, ಸೀದಾ ಬ್ಯಾಟರಿಯ 12 ವೋಲ್ಟ್. ಹಂಗೆ ಇಳಿಸಿದ ವೋಲ್ಟೇಜೆಲ್ಲ ಕಾಯಿಲಲ್ಲಿ ಬಿಸಿಯಾಗಿ ಹೋಗತ್ತೆ: ಉದಾಹರಣೆಗೆ 4 ಆಂಪಿಯರ್ ಹರೀವಾಗ 2 ಓಮ್ ಕಾಯಿಲ್ 8 ವೋಲ್ಟ್ ತಿಂದ್ರೆ 32 ವ್ಯಾಟ್ ಬರೀ ಶಾಖ. ಅದಕ್ಕೇ ರೆಸಿಸ್ಟರನ್ನ ಫ್ಯಾನಿನ ಗಾಳಿ ಬರೋ ಡಕ್ಟಲ್ಲೇ ಕೂರಿಸಿರ್ತಾರೆ, ತಣ್ಣಗಿರ್ಲಿ ಅಂತ. ಜೊತೆಗೊಂದು ಥರ್ಮಲ್ ಫ್ಯೂಸ್ ಇರತ್ತೆ, ಬಿಸಿ ಮಿತಿ ಮೀರಿದ್ರೆ ಅದು ತುಂಡಾಗತ್ತೆ, ಆಗ 1, 2, 3 ಮೂರೂ ಒಟ್ಟಿಗೇ ಹೋಗತ್ತೆ. ನಿಮ್ದು ಇದೇ ಕೇಸು.

ಬೇರೆಯವ್ರಿಗೂ ಉಪಯೋಗ ಆಗ್ಲಿ ಅಂತ ಹೇಳ್ತೀನಿ, ಯಾವ ಸ್ಪೀಡ್ ಸತ್ತಿದೆ ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ. 1 ಮಾತ್ರ ಇಲ್ಲ ಅಂದ್ರೆ ಕೊನೇ ಕಾಯಿಲ್ ಮೇಲೆ ಅನುಮಾನ. 1 ಮತ್ತೆ 3 ಓಡತ್ತೆ, 2 ಇಲ್ಲ ಅಂದ್ರೆ ಕಾಯಿಲ್‌ಗಳೆಲ್ಲ ಸರಿ ಇದೆ (1 ಓಡೋಕೆ ಅಷ್ಟೂ ಬೇಕಲ್ಲ), ಸುಮ್ನೆ ರೆಸಿಸ್ಟರ್ ತರ್ಬೇಡಿ, ನಾಬಿನ ಹಿಂದಿನ ಸ್ವಿಚ್ ಕಾಂಟ್ಯಾಕ್ಟೋ ಕನೆಕ್ಟರ್ ಪಿನ್ನೋ ನೋಡಿ. 4 ಮಾತ್ರ ಸತ್ತಿದ್ರೆ ಸ್ವಿಚ್, ಕೆಲವು ಗಾಡಿಗಳಲ್ಲಿ ಅದಕ್ಕೇ ಅಂತ ಇರೋ ರಿಲೇ (ಕರೆಂಟಲ್ಲಿ ನಡೆಯೋ ಸ್ವಿಚ್). ನಾಲ್ಕೂ ಇಲ್ಲ ಅಂದ್ರೆ ಮೊದ್ಲು ಫ್ಯೂಸ್ ಬಾಕ್ಸಲ್ಲಿರೋ ಫ್ಯೂಸ್, ಆಮೇಲೆ ಅರ್ತಿಂಗು, ಮೋಟಾರು.

ನೀವೇ ಬಿಚ್ಚಬಹುದು. ನಮ್ ಕಾರುಗಳಲ್ಲಿ ಸಾಮಾನ್ಯವಾಗಿ ಎಡಗಡೆ ಗ್ಲವ್ ಬಾಕ್ಸ್ ಹಿಂದೆ, ಬ್ಲೋವರ್ ಪಕ್ಕದ ಪ್ಲಾಸ್ಟಿಕ್ ಡಕ್ಟಲ್ಲಿ ಎರಡು ಸ್ಕ್ರೂ ಹಾಕಿ ಕೂರಿಸಿರ್ತಾರೆ. ಕೀ ಆಫ್ ಮಾಡಿ, ಈಗಷ್ಟೇ ಫ್ಯಾನ್ ಓಡಿದ್ರೆ ಸ್ವಲ್ಪ ಹೊತ್ತು ಬಿಡಿ, ಇಲ್ಲಾಂದ್ರೆ ಬೆರಳು ಸುಟ್ಕೊಳ್ತೀರಿ. ಹಳದಿ ಕನೆಕ್ಟರ್ ಕಂಡ್ರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿಂದು. ರೆಸಿಸ್ಟರಿನ ಕನೆಕ್ಟರ್‌ನ ಲಾಕ್ ಒತ್ತಿ ಎಳೀರಿ, ವೈರ್ ಹಿಡ್ದು ಎಳೀಬೇಡಿ. ಹೊರಗೆ ಬಂದ್ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ, ಥರ್ಮಲ್ ಫ್ಯೂಸಿನ ಎರಡೂ ತುದೀಲಿ ಬೀಪ್ ಬರ್ಲಿಲ್ಲ ಅಂದ್ರೆ ಅದೇ ತುಂಡಾಗಿದೆ ಅಂತ ಅರ್ಥ.

ಈಗ ಮುಖ್ಯವಾದ ಮಾತು. ಥರ್ಮಲ್ ಫ್ಯೂಸ್ ಸುಮ್ನೆ ಸುಡಲ್ಲ. ಹೊಸ ರೆಸಿಸ್ಟರ್ ಹಾಕಿ ಸ್ಕ್ರೂ ಬಿಗಿದು ಹೋದವ್ರು ಸ್ವಲ್ಪ ದಿನಕ್ಕೇ ಮತ್ತೆ ಅದೇ ಕಂಪ್ಲೇಂಟ್ ತರ್ತಾರೆ, ಯಾಕಂದ್ರೆ ಸುಡೋಕೆ ಕಾರಣ ಅಲ್ಲೇ ಇರತ್ತೆ. ಕ್ಯಾಬಿನ್ ಫಿಲ್ಟರ್ (ಒಳಗೆ ಬರೋ ಗಾಳಿ ಸೋಸೋದು) ಧೂಳು ಕಟ್ಟಿ ರಟ್ಟಾಗಿದ್ರೆ ಕಾಯಿಲ್ ಮೇಲೆ ಗಾಳಿನೇ ಬೀಳಲ್ಲ. ಮೋಟಾರಿನ ಬುಷ್ ಸವೆದು ಬಿಗಿಯಾಗಿದ್ರೆ ಅದು ಜಾಸ್ತಿ ಕರೆಂಟ್ ಎಳಿಯತ್ತೆ, ಕರೆಂಟ್ ಡಬಲ್ ಆದ್ರೆ ಕಾಯಿಲಿನ ಬಿಸಿ ನಾಲ್ಕು ಪಟ್ಟು. ಕೆಳಗಿಂದ ಕೈ ಹಾಕಿ ಫ್ಯಾನ್ ತಿರುಗಿಸಿ ನೋಡಿ, ಸಲೀಸಾಗಿ ಸುತ್ತಬೇಕು, ಕಿರ್ರ್ ಅಂದ್ರೆ ಅಥವಾ ಒಂದು ಕಡೆ ಹಿಡಿದ್ರೆ ಆಗ ಗ್ಯಾರೇಜಿನವ್ರು ಹೇಳಿದ ಹಂಗೆ ಮೋಟಾರ್ ಕಡೆನೂ ಯೋಚ್ನೆ ಮಾಡಿ. ನಿಮ್ ಕಡೆ ಇನ್ನೊಂದು ಕಾಟ ಇದೆ, ಮರದ ಕೆಳಗೆ ನಿಲ್ಸೋ ಗಾಡಿಗಳಲ್ಲಿ ಎಲೆ ಒಳಗೆ ಸೇರ್ಕೊಳ್ಳತ್ತೆ, ಮಳೆಗಾಲದಲ್ಲಿ ಇಲಿ ಗೂಡು ಬೇರೆ. ಅದನ್ನೆಲ್ಲ ಕೈಯಾರೆ ತೆಗೀರಿ, ಗಾಳಿ ಮೆಷಿನಲ್ಲಿ ಊದಿದ್ರೆ ಇನ್ನೂ ಒಳಗೆ ಹೋಗಿ ಎಸಿಯ ಕೂಲಿಂಗ್ ಕಾಯಿಲಿಗೆ ಅಂಟ್ಕೊಳ್ಳತ್ತೆ.

ಕನೆಕ್ಟರನ್ನೂ ಬೆಳಕಿಗೆ ಹಿಡ್ದು ನೋಡಿ. ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದ್ರೆ ಅದೂ ಬದಲಾಯಿಸ್ಬೇಕು, ವೈರ್ ಸಮೇತ ಸಿಗತ್ತೆ, ಹಳೇ ವೈರಿನಷ್ಟೇ ದಪ್ಪ ಇರ್ಲಿ. ಬೆಂಗಳೂರಿಗೆ ಹೋಗೋ ಕೆಲಸ ಇದ್ರೆ ಗಾಡಿ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ಹುಡುಕಿ, ಹಳೇ ಪೀಸ್ ಜೊತೆಗೆ ಒಯ್ಯಿರಿ, ಪಿನ್ ಲೆಕ್ಕ ಮತ್ತೆ ಶೇಪ್ ಎರಡೂ ಮ್ಯಾಚ್ ಆಗ್ಬೇಕು.

ಯಾರಾದ್ರೂ ಆ ಥರ್ಮಲ್ ಫ್ಯೂಸ್ ಜಾಗಕ್ಕೆ ತಂತಿ ಬೆಸುಗೆ ಹಾಕಿ ಕೊಡ್ತೀನಿ ಅಂದ್ರೆ ಬೇಡ ಅನ್ನಿ. ಓಡತ್ತೇನೋ ನಿಜ, ಆದ್ರೆ ಮೋಟಾರ್ ಜಾಮ್ ಆದ ದಿನ ಡ್ಯಾಶ್‌ಬೋರ್ಡ್ ಒಳಗೆ ಬೆಂಕಿ ಹತ್ಬಹುದು.

ಪಾರ್ಟ್ ಬರೋವರೆಗೆ ಮಂಜಿಗೆ: ಎಸಿ ಆನ್ ಮಾಡಿ ಟೆಂಪರೇಚರ್ ನಾಬ್ ಬಿಸಿ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಮೋಡಲ್ಲಿಡಿ. ಎಸಿ ಗಾಳೀಲಿರೋ ತೇವ ತೆಗೆಯತ್ತೆ, ಗ್ಲಾಸ್ ಬೇಗ ಕ್ಲಿಯರ್ ಆಗತ್ತೆ, ಗ್ಲಾಸ್ ಬಿಡ್ತಿದ್ದ ಹಾಗೆ 4 ಆಫ್ ಮಾಡಿ ಮಾತಾಡಿ, ಮಂಜು ಬಂದ್ರೆ ಮತ್ತೆ ಹಾಕಿ.

ಪ್ರಶ್ನೆ: ನಮ್ ಕಾರಲ್ಲಿ ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇದೆ, ಫ್ಯಾನ್ ಒಮ್ಮೆ ಜೋರು ಒಮ್ಮೆ ನಿಧಾನ ತಂತಾನೇ ಆಗತ್ತೆ. ಇದಕ್ಕೂ ರೆಸಿಸ್ಟರ್ರಾ?
– ಎಂ. ಆರ್., ಮೈಸೂರು

ಉತ್ತರ: ಅಲ್ಲ. ಅಂಥ ಗಾಡೀಲಿ ಸಾಮಾನ್ಯವಾಗಿ ಕಾಯಿಲ್ ಬದ್ಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರತ್ತೆ, ಸ್ಪೀಡ್ ಅದೇ ಹೆಚ್ಚುಕಮ್ಮಿ ಮಾಡತ್ತೆ. ಆಟೋ ಮೋಡ್ ತೆಗೆದು ಕೈಯಲ್ಲೇ ಒಂದು ಸ್ಪೀಡಿಗೆ ಇಟ್ಟು ನೋಡಿ, ಆಗ್ಲೂ ಏರಿಳಿತ ಇದ್ರೆ ಮೊದ್ಲು ಕನೆಕ್ಟರ್ ಮತ್ತೆ ಅರ್ತಿಂಗ್ ಚೆಕ್ ಮಾಡಿಸಿ, ಆಮೇಲೆ ಮಾಡ್ಯೂಲು. ಆಟೋದಲ್ಲಿ ಮಾತ್ರ ಆಗ್ತಿದ್ರೆ ಕ್ಯಾಬಿನ್ ಟೆಂಪರೇಚರ್ ಸೆನ್ಸರ್ ನೋಡಿಸಿ.