ಮಗು ದಪ್ಪ ಇದ್ದರೆ ಹೊಲಿಗೆಯೂ ಜಾಸ್ತಿ ಬೀಳುತ್ತಾ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೀಗ 36 ವಾರ, ಮೊದಲ ಹೆರಿಗೆ. ಶುಗರ್ ಇಲ್ಲ. ಹುಟ್ಟುವ ಹೊತ್ತಿಗೆ ಮಗು 3.8 ಕೆಜಿ ಆಗಬಹುದು ಅಂತ ಸ್ಕ್ಯಾನ್ ನೋಡಿ ಹೇಳಿದರು. ನನ್ನ ಅಕ್ಕನ ಮೊದಲ ಮಗು ಬರೀ 2.7 ಕೆಜಿ, ಆದರೂ ಕೆಳಗೆ ಹರಿದು ಹೊಲಿಗೆ ಹಾಕಿದರು. ಹಾಗಾದರೆ ನನ್ನ ಗತಿ ಏನು? ಊಟ ಕಡಿಮೆ ಮಾಡಲಾ?

ಉತ್ತರ: ಖಂಡಿತ ಬೇಡಮ್ಮಾ. ಈಗ ಹೊಟ್ಟೆ ಕಟ್ಟಿದರೆ ಸೊರಗುವುದು ನೀವು. ಹೆರಿಗೆಗೂ ಆಮೇಲೆ ಗಾಯ ಮಾಯುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ಸ್ಕ್ಯಾನ್ ಹೇಳುವ ತೂಕ ಒಂದು ಅಂದಾಜು. ಶೇಕಡಾ 10–15ರಷ್ಟು ಆಚೀಚೆ ಆಗುವುದು ಮಾಮೂಲು. 3.8 ಅಂದದ್ದು 3.3 ಆಗಬಹುದು, 4.3 ಕೂಡ ಆಗಬಹುದು. ಮಗು 4 ಕೆಜಿ ದಾಟಿದರೆ ಆಳವಾಗಿ ಹರಿಯುವ ಸಾಧ್ಯತೆ ಹೆಚ್ಚುತ್ತದೆ, ಅದು ನಿಜ. ಆದರೆ ತೂಕವೊಂದೇ ಕಾರಣ ಅಲ್ಲ. ಮೊದಲ ಹೆರಿಗೆ, ಮಗುವಿನ ಮುಖ ಮೇಲ್ಮುಖವಾಗಿರುವುದು, ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ) ಹಾಕುವುದು, ಇವೆಲ್ಲ ಸೇರಿಕೊಳ್ಳುತ್ತವೆ. ನಿಮ್ಮ ಅಕ್ಕನಿಗೂ ಅದು ಮೊದಲನೆಯದು, ಅಲ್ವಾ? ಮೊದಲ ಸಲ ಹೆಚ್ಚಿನವರಿಗೆ ಚರ್ಮ, ಅದರಡಿಯ ಸ್ನಾಯು ಸ್ವಲ್ಪ ಹರಿದೇ ಹರಿಯುತ್ತದೆ. ಹೊಲಿದರೆ ಕೆಲವು ವಾರಗಳಲ್ಲಿ ಮಾಯುತ್ತದೆ, ದಾರ ತಾನೇ ಕರಗುತ್ತದೆ. ಗುದದ್ವಾರದ ಬಿಗಿ ಸ್ನಾಯುವಿನ ತನಕ ಹರಿಯುವುದು ತುಂಬಾ ಕಡಿಮೆ.

ನಾನು ಹೆರಿಗೆ ಕೋಣೆಯಲ್ಲಿ ಉಸಿರು ಬಿಗಿ ಹಿಡಿದು ನೋಡುವುದು ಒಂದೇ ಗಳಿಗೆಯನ್ನು. ಮಗುವಿನ ತಲೆ ಬಾಗಿಲಲ್ಲಿ ನಿಂತಿರುತ್ತದೆ. ಸುತ್ತಲ ಚರ್ಮ ಹಿಗ್ಗಿ ತೆಳ್ಳಗೆ ಹೊಳೆಯುತ್ತದೆ. ತಾಯಿಗೆ ಬೆಂಕಿ ಇಟ್ಟ ಹಾಗೆ ಉರಿ, ಒಮ್ಮೆ ಜೋರಾಗಿ ಮುಕ್ಕಿ ಮುಗಿಸಿಬಿಡೋಣ ಅನ್ನಿಸುತ್ತದೆ. ಆಗಲೇ ನಾನು "ಮುಕ್ಕಬೇಡಮ್ಮಾ, ಬಿಸಿ ಹಾಲು ಆರಿಸೋ ಹಾಗೆ ಉಫ್ ಉಫ್ ಅಂತ ಊದು" ಅನ್ನುತ್ತೇನೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಚರ್ಮಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಲೆ ನುಗ್ಗದ ಹಾಗೆ ತಡೆಯುತ್ತೇನೆ. ಈ ಬಿಸಿ ಬಟ್ಟೆಯಿಂದ ಆಳವಾಗಿ ಹರಿಯುವುದು ಕಡಿಮೆಯಾಗುತ್ತದೆ. ಅದಕ್ಕೇ ಈಗಲೇ ನಿಮ್ಮ ಡಾಕ್ಟರಲ್ಲಿ ಕೇಳಿಡಿ: ಬಿಸಿ ಬಟ್ಟೆ ಇಡುತ್ತೀರಾ? ಮಗು ಬರುವ ದಾರಿ ಅಗಲವಾಗಲೆಂದು ಕೆಳಗೆ ಕೊಯ್ಯುವುದನ್ನು ಎಲ್ಲರಿಗೂ ಮಾಡುತ್ತೀರಾ, ಬೇಕಾದಾಗ ಮಾತ್ರವಾ? ಎಲ್ಲರಿಗೂ ಸುಮ್ನೆ ಕೊಯ್ಯುವುದು ಸರಿಯಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ಮನೆಯಲ್ಲಿ ನೀವು ಮಾಡಬಹುದಾದ್ದೂ ಇದೆ. ಡಾಕ್ಟರ್ ಒಪ್ಪಿದರೆ ವಾರಕ್ಕೆ ಒಂದೆರಡು ಸಲ, ತೊಳೆದ ಹೆಬ್ಬೆರಳಿಗೆ ಎಣ್ಣೆ ಹಚ್ಚಿ, ಯೋನಿಯ ಒಳಗೆ ಒಂದಿಂಚು ಇಟ್ಟು, ಕೆಳಕ್ಕೂ ಪಕ್ಕಕ್ಕೂ ಮೆಲ್ಲಗೆ ಒತ್ತಿ ಹಿಗ್ಗಿಸಿ. ಮೊದಲ ಹೆರಿಗೆಯವರಿಗೆ ಇದರಿಂದ ಹೊಲಿಗೆ ಬೇಕಾಗುವುದು ಸ್ವಲ್ಪ ಕಡಿಮೆಯಾಗುತ್ತದೆ. ಸೋಂಕು, ರಕ್ತಸ್ರಾವ ಇದ್ದರೆ ಬೇಡ.

ಹೆರಿಗೆ ಆದ ಮೇಲೆ ಗ್ಯಾಸ್, ಮಲ ತಡೆಯೋಕೆ ಆಗದಿದ್ದರೆ, ಹೊಲಿಗೆ ಹತ್ತಿರ ಕೆಟ್ಟ ವಾಸನೆ ಬಂದರೆ, ಜ್ವರ ಬಂದರೆ ತಕ್ಷಣ ತೋರಿಸಿ. ನಾಚಿಕೆಯಿಂದ ವರ್ಷಗಟ್ಟಲೆ ಬಾಯಿಬಿಡದೆ ಬಂದವರನ್ನು ಕಂಡಿದ್ದೇನೆ. ನೀವು ಹಾಗೆ ಮಾಡಬೇಡಿ.